ಹಿಂದಿನ ಹನ್ನೆರಡು ಗಾಲಿಗಳನ್ನೂ ನೋಡಿ: ಧಾರವಾಡ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಧಾರವಾಡ

ವಿಷಯ: ಕಂಟೇನರ್ ಸಾಗಿಸುವ ಟ್ರೇಲರ್ ಚಾಸಿಗಳ ತಪಾಸಣೆ ಕುರಿತು

ಮಾನ್ಯರೇ,

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ಟ್ರೇಲರ್ ದುರಸ್ತಿಯ ಸಣ್ಣ ಶೆಡ್ ನಡೆಸುತ್ತಿದ್ದೇನೆ. ಹಡಗಿನ ಕಂಟೇನರ್ ಹೊರುವ ಚಾಸಿಗಳೇ, ಅಂದರೆ ಎಂಜಿನ್ ಗಾಡಿಯ ಹಿಂದೆ ಎಳೆಯುವ ಗಾಲಿ ಹಾಕಿದ ಕಬ್ಬಿಣದ ಹಂದರಗಳೇ, ನನ್ನ ಮುಖ್ಯ ಕೆಲಸ. ಪಾಟಾ (ಸ್ಪ್ರಿಂಗ್ ಪಟ್ಟಿ) ಮುರಿದದ್ದು, ಬ್ರೇಕ್ ಲೈನರ್ ಸವೆದದ್ದು, ಜಾಕ್ ಬಾಗಿದ್ದು, ಬೀಮ್ ಬಿರುಕು ಬಿಟ್ಟದ್ದು ಎಲ್ಲವೂ ನನ್ನ ಅಂಗಳಕ್ಕೆ ಬರುತ್ತವೆ. ತಪಾಸಣೆ ಬಿಗಿಯಾದರೆ ನನ್ನಂಥವರ ಕೈಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ ಎಂಬುದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಆ ಅನುಮಾನವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಬೇಕೆಂದು ವಿನಂತಿ.

ನನ್ನ ದೂರು ಇಷ್ಟು. ನಮ್ಮ ರಸ್ತೆಗಳಲ್ಲಿ ಕಂಟೇನರ್ ಗಾಡಿಯನ್ನು ತಡೆದು ನಿಲ್ಲಿಸಿದಾಗ ನೋಡುವುದು ಮುಂದಿನ ಎಂಜಿನ್ ಗಾಡಿಯನ್ನು. ಅದಕ್ಕೆ ನಾವು ಹಾರ್ಸ್ ಎನ್ನುತ್ತೇವೆ. ಚಾಲಕನ ಲೈಸೆನ್ಸ್, ವಿಮೆ, ಹೊಗೆ ತಪಾಸಣೆಯ ಚೀಟಿ, ಪರ್ಮಿಟ್ ಎಲ್ಲವನ್ನೂ ಕೇಳುತ್ತಾರೆ. ಹಿಂದಿನ 40 ಅಡಿ ಉದ್ದದ ಕಬ್ಬಿಣದ ಹಂದರದ ಕೆಳಗೆ ಬಗ್ಗಿ ನೋಡಿದವರನ್ನು ನಾನಂತೂ ಕಂಡಿಲ್ಲ. ಎತ್ತಿನ ಹಲ್ಲು ಎಣಿಸಿ, ಚಕ್ಕಡಿಯ ಕಡಾಣಿ ನೋಡದೆ ಬಿಟ್ಟಂತೆ ಇದು.

ಕಾನೂನು ಹೀಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನಲ್ಲಿ ಮೋಟಾರು ವಾಹನ ಎಂದರೆ ಏನು ಎಂದು ವಿವರಿಸುವಾಗ ಟ್ರೇಲರ್ ಕೂಡ ಅದರಲ್ಲಿ ಸೇರುತ್ತದೆ ಎಂದು ಬಿಡಿಸಿ ಹೇಳಿದ್ದಾರೆ. ಅದಕ್ಕೆ ತನ್ನದೇ ನೋಂದಣಿ ಇದೆ, ತನ್ನದೇ ಅರ್ಹತಾ ಪತ್ರ (ಫಿಟ್‌ನೆಸ್ ಸರ್ಟಿಫಿಕೇಟ್) ಇರಬೇಕು. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಹಾರ್ಸ್ ಬದಲಾಗುತ್ತಲೇ ಇರುತ್ತದೆ. ಇವತ್ತು ಒಂದು ಎಂಜಿನ್ನಿಗೆ ಕಟ್ಟಿದ ಚಾಸಿಯನ್ನು ನಾಳೆ ಇನ್ನೊಂದು ಎಳೆಯುತ್ತದೆ. ಎಂಜಿನ್ ಹೊಸದು, ಮಿರಮಿರ ಮಿಂಚುತ್ತಿದೆ, ಮಾಲೀಕರು ಸಾಲ ಮಾಡಿ ಕೊಂಡಿದ್ದಾರೆ. ಹಿಂದಿನದು ಮೂವರು ಮಾಲೀಕರ ಕೈ ದಾಟಿ ಬಂದದ್ದು. ಎದುರಿನಿಂದ ನೋಡುವವರಿಗೆ ಹೊಸ ಗಾಡಿಯೇ ಕಾಣುತ್ತದೆ.

ಸಮಿತಿಯಲ್ಲಿ ಎಲ್ಲರೂ ಈ ಗಾಡಿಯ ಅಡಿಯಲ್ಲಿ ನುಸುಳಿದವರಲ್ಲ, ನುಸುಳಬೇಕಾದ ಅಗತ್ಯವೂ ಇಲ್ಲ. ಹಾಗಾಗಿ ಸ್ವಲ್ಪ ವಿವರಿಸುತ್ತೇನೆ. ಕಂಟೇನರ್ ಚಾಸಿಗೆ ಹಲಗೆ ಇಲ್ಲ, ಪಕ್ಕದ ಗೋಡೆ ಇಲ್ಲ. ಎರಡು ಉದ್ದದ ಬೀಮು, ನಡುವೆ ಅಡ್ಡಪಟ್ಟಿಗಳು, ಹಿಂದೆ ಮೂರು ಆಕ್ಸಲ್ (ಗಾಲಿಯ ಅಚ್ಚು), ಅವುಗಳಿಗೆ ಹನ್ನೆರಡು ಗಾಲಿ. ಪೆಟ್ಟಿಗೆಯನ್ನು ಇದರ ಮೇಲೆ ಹಗ್ಗ ಹಾಕಿ ಕಟ್ಟುವುದಿಲ್ಲ. ಜಗತ್ತಿನ ಯಾವ ಬಂದರಿನಿಂದ ಬಂದ ಕಂಟೇನರ್ ಆದರೂ ಅದರ ತಳದ ನಾಲ್ಕು ಮೂಲೆಗಳಲ್ಲಿ ಒಂದೇ ಅಳತೆಯ ತೂತುಗಳಿರುತ್ತವೆ. ಚಾಸಿಯ ಮೇಲಿನ ಟ್ವಿಸ್ಟ್ ಲಾಕ್‌ನ ತಲೆ ಆ ತೂತಿನೊಳಗೆ ಹೋಗಿ, ಕೆಳಗಿನ ಹಿಡಿಕೆಯನ್ನು ತಿರುಗಿಸಿದಾಗ ಅಡ್ಡಲಾಗಿ ನಿಂತು ಪೆಟ್ಟಿಗೆಯನ್ನು ಹಿಡಿದುಕೊಳ್ಳುತ್ತದೆ. ಒಂದು ಪೆಟ್ಟಿಗೆಗೆ ನಾಲ್ಕು ಲಾಕ್. 20 ಅಡಿಯ ಎರಡು ಪೆಟ್ಟಿಗೆ ಇಟ್ಟರೆ ಎಂಟು. ತುಂಬಿದ ಪೆಟ್ಟಿಗೆಯೊಂದರ ತೂಕ 30,480 ಕಿಲೋ, ಕೆಲವದರಲ್ಲಿ ಅದಕ್ಕೂ ಹೆಚ್ಚು ಇರಬಹುದು. ಅಷ್ಟು ಭಾರ ಚಾಸಿಯ ಮೇಲೆ ಕುಳಿತಿರುವುದು ಈ ನಾಲ್ಕು ಹಿಡಿತಗಳ ಭರವಸೆಯ ಮೇಲೆ.

ನನ್ನ ಬಳಿ ಬರುವ ಚಾಸಿಗಳಲ್ಲಿ ನಾಲ್ಕೂ ಲಾಕ್ ಸರಿಯಾಗಿ ತಿರುಗುವುದನ್ನು ಕಂಡರೆ ನನಗೇ ಆಶ್ಚರ್ಯವಾಗುತ್ತದೆ. ಎರಡು ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ. ಒಂದರ ಹಿಡಿಕೆ ಮುರಿದಿರುತ್ತದೆ. ಇನ್ನೊಂದರ ಜಾಗದಲ್ಲಿ ಮನೆ ಕಟ್ಟುವ ಸರಳಿನ ತುಂಡನ್ನು ಬಗ್ಗಿಸಿ ವೆಲ್ಡ್ ಮಾಡಿರುತ್ತಾರೆ. ಅದು ಪೆಟ್ಟಿಗೆ ಪಕ್ಕಕ್ಕೆ ಜಾರದಂತೆ ಸ್ವಲ್ಪ ತಡೆದೀತೇ ಹೊರತು ಮೇಲೇಳುವುದನ್ನು ತಡೆಯಲಾರದು. ಲಾಕ್ ಚೆನ್ನಾಗಿದ್ದರೂ ತಿರುಗಿಸದೆ ಬರುವವರಿದ್ದಾರೆ. ಕಾರಣ ಕೇಳಿದೆ. "ಗಾಡಿ ಮಗುಚಿದರೆ ಪೆಟ್ಟಿಗೆ ಮಾತ್ರ ಬೀಳಲಿ, ಎಂಜಿನ್ ಉಳಿಯಲಿ ಅಂತ ಮಾಲೀಕರು ಹೇಳಿದ್ದಾರೆ" ಎಂದು ಒಬ್ಬ ಚಾಲಕ ಉತ್ತರ ಕೊಟ್ಟ. ಇಪ್ಪತ್ತೈದು ದಾಟಿರದ ಹುಡುಗ, ಹೇಳಿಕೊಟ್ಟ ಪಾಠ ಒಪ್ಪಿಸಿದಂತೆ ಹೇಳಿದ. ಪೆಟ್ಟಿಗೆ ಬೀಳುವ ಕಡೆ ಯಾರಿರುತ್ತಾರೆ ಎಂದು ಕೇಳಿದ್ದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನೂ ಅಲ್ಲ ಬಿಡಿ.

ಇನ್ನು ಕಿಂಗ್ ಪಿನ್. ಇಡೀ ಟ್ರೇಲರ್ ಹಾರ್ಸ್‌ಗೆ ಕೊಂಡಿ ಹಾಕಿಕೊಂಡಿರುವುದು ಇದೊಂದೇ ಗೂಟದಿಂದ. ಎರಡು ಅಂಗುಲದ ಪಿನ್ನಿನ ಕತ್ತು ಹೊಸದರಲ್ಲಿ 50.8 ಮಿಲಿಮೀಟರ್ ಇರುತ್ತದೆ. ಸವೆದು 49ಕ್ಕೆ ಇಳಿದರೆ ಬದಲಿಸಬೇಕು. ಎರಡು ಮಿಲಿಮೀಟರೂ ಇಲ್ಲದ ಈ ವ್ಯತ್ಯಾಸ ಕಣ್ಣಳತೆಗೆ ಸಿಗುವುದಿಲ್ಲ, ಗೇಜ್ ಹಿಡಿದರೆ ಅರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಗೇಜ್ ಎಂದರೆ ಅಂಗೈಯಗಲದ ಕಬ್ಬಿಣದ ತಗಡು, ದೊಡ್ಡ ಯಂತ್ರವೇನಲ್ಲ. ಅರ್ಹತಾ ಪತ್ರ ಕೊಡುವ ಜಾಗದಲ್ಲಿ ನಾನು ಇದನ್ನು ಒಮ್ಮೆಯೂ ನೋಡಿಲ್ಲ.

ಬೀಮಿನ ಬಿರುಕಿನ ಕಥೆ ಬೇರೆ. ಅರ್ಹತಾ ಪತ್ರ ಪಡೆದು ಇನ್ನೂ ಬಣ್ಣದ ವಾಸನೆ ಹೋಗಿರದ ಚಾಸಿಯೊಂದು ಬ್ರೇಕಿನ ಕೆಲಸಕ್ಕೆಂದು ನನ್ನ ಶೆಡ್ಡಿಗೆ ಬಂದಿತ್ತು. ಕೆಳಗೆ ಮಲಗಿ ನೋಡಿದರೆ ಬೀಮಿನ ತಳಪಟ್ಟಿಯಲ್ಲಿ, ಹಿಂದೆ ಯಾರೋ ತೇಪೆ ಹಾಕಿದ ವೆಲ್ಡಿಂಗ್ ಅಂಚಿನಿಂದಲೇ, ಕೂದಲೆಳೆಯಂಥ ಬಿರುಕು ಹೊರಟಿತ್ತು. ಮೇಲೆ ಕೆಂಪು ಬಣ್ಣ ಬಳಿದಿದ್ದರು. ಈ ಬೀಮುಗಳು ಹೆಚ್ಚು ಬಲದ ಉಕ್ಕಿನವು. ಎಲ್ಲೆಂದರಲ್ಲಿ ಕಾಯಿಸಿ ಬೆಸೆದರೆ ಬೆಸೆದ ಜಾಗದ ಪಕ್ಕವೇ ಬಲ ಕಳೆದುಕೊಳ್ಳುತ್ತದೆ, ಮುಂದಿನ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಮಾಲೀಕರು ಇನ್ನೊಂದು ಪಟ್ಟಿ ಇಟ್ಟು ಬೆಸೆದು ಬಣ್ಣ ಹೊಡೆಯಲು ಹೇಳಿದರು. ಆ ಭಾಗವನ್ನೇ ಬದಲಿಸಬೇಕು, ಹಾಗೆ ತೇಪೆ ಹಾಕಲಾರೆ ಎಂದೆ. ಅವರು ಜಗಳವಾಡಲಿಲ್ಲ, ಗಾಡಿ ತೆಗೆದುಕೊಂಡು ಹೋದರು. ಒಪ್ಪುವ ಶೆಡ್ಡುಗಳು ಬೇಕಾದಷ್ಟಿವೆ. ಆಮೇಲೆ ಅದೇ ಚಾಸಿ ತುಂಬಿದ ಪೆಟ್ಟಿಗೆ ಹೊತ್ತು ಗಬ್ಬೂರಿನ ಕಡೆ ಹೋಗುತ್ತಿದ್ದುದನ್ನು ನೋಡಿದ್ದೇನೆ.

ಆದರೆ ಈ ಪತ್ರ ಬರೆಯಲು ನನ್ನನ್ನು ಹಚ್ಚಿದ್ದು ತುಂಬಿದ ಚಾಸಿಯಲ್ಲ, ಖಾಲಿಯದು.

ಪೆಟ್ಟಿಗೆ ಇಳಿಸಿದ ಮೇಲೆ ಚಾಸಿ ಖಾಲಿ ಹಂದರವಾಗಿ ಊರಿಗೆ ಮರಳುತ್ತದೆ. ಹಗಲಿನಲ್ಲಿ ಅದು ಕಾಣುತ್ತದೆ. ರಾತ್ರಿ ಅದು ಕೈಗಾರಿಕಾ ಪ್ರದೇಶದ ಗೇಟಿನಿಂದ ಹೊರಬಂದು ರಸ್ತೆಗೆ ಅಡ್ಡಲಾಗಿ ತಿರುಗುವಾಗ ಪಕ್ಕದಿಂದ ಬರುವ ಬೈಕ್ ಸವಾರನಿಗೆ ಏನು ಕಾಣುತ್ತದೆ ಎಂದು ದಯವಿಟ್ಟು ಊಹಿಸಿ. ಎಡಕ್ಕೆ ದೂರದಲ್ಲಿ ಹಾರ್ಸ್‌ನ ದೀಪ, ಅದು ಆಗಲೇ ಪಕ್ಕದ ಪಥಕ್ಕೆ ದಾಟಿಹೋದ ಲಾರಿಯಂತೆ ತೋರುತ್ತದೆ. ನಡುವೆ ಎದೆಯೆತ್ತರದಲ್ಲಿ ಒಂದು ಕಪ್ಪು ಬೀಮು, ಅದರ ಕೆಳಗೆ ಬಯಲು. ಬೈಕಿನ ದೀಪದ ಬೆಳಕು ಆ ಬಯಲಿನಲ್ಲಿ ತೂರಿ ಆಚೆಯ ಡಾಂಬರಿನ ಮೇಲೆ ಬೀಳುತ್ತದೆ, ರಸ್ತೆ ಖಾಲಿ ಎಂದು ಕಣ್ಣು ನಂಬುತ್ತದೆ. ಸವಾರ ಬ್ರೇಕ್ ಹಿಡಿಯುವುದೇ ಇಲ್ಲ. ಸುದ್ದಿಯಲ್ಲಿ "ಅತಿವೇಗ" ಎಂದು ಬರುತ್ತದೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಭಾರೀ ವಾಹನಗಳಿಗೂ ಟ್ರೇಲರ್‌ಗಳಿಗೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಕಡ್ಡಾಯ: ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದ ಉದ್ದಕ್ಕೂ ಹಳದಿ. ಪಕ್ಕದ ಬಯಲಿಗೆ ಅಡ್ಡಲಾಗಿ ತಡೆಪಟ್ಟಿ ಇರಬೇಕು. ಹಿಂಬದಿಯಲ್ಲಿ ಸಣ್ಣ ವಾಹನ ಒಳಗೆ ನುಗ್ಗದಂತೆ ಗಟ್ಟಿಯಾದ ತಡೆ ಇರಬೇಕು, ಅದು ನೆಲದಿಂದ 550 ಮಿಲಿಮೀಟರಿಗಿಂತ ಮೇಲೆ ಇರಬಾರದು. ಈಗ ರಸ್ತೆಗೆ ಬಂದು ನೋಡಿ. ಹಳದಿ ಪಟ್ಟಿ ಇದ್ದರೂ ಅದರ ಮೇಲೆ ಮಣ್ಣು, ಗ್ರೀಸು, ಕೆಲವೊಮ್ಮೆ ಬಣ್ಣ. ಅಂಟಿಸಿದ ಪಟ್ಟಿ ಹೊಳೆಯುವ ಜಾತಿಯದೇ ಅಲ್ಲ, ಬರಿಯ ಹಳದಿ ಸ್ಟಿಕ್ಕರ್. ತಪಾಸಣೆಯ ದಿನ ಹಗಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಿಂಬದಿಯ ತಡೆ ಎಂದು ನೀರಿನ ಪೈಪಿನಂಥದ್ದನ್ನು ಬೆಸೆದಿರುತ್ತಾರೆ, ಕಾರು ಬಡಿದರೆ ಅದು ಕಾರಿನ ಜೊತೆಯಲ್ಲೇ ಒಳಗೆ ಹೋಗುತ್ತದೆ.

ನಿಲ್ಲಿಸುವ ರೀತಿಯೂ ಹಾಗೇ ಇದೆ. ಹಾರ್ಸ್ ಬೇರೆ ಕೆಲಸಕ್ಕೆ ಹೋದಾಗ ಚಾಸಿಯನ್ನು ಕಳಚಿ ಎರಡು ಜಾಕುಗಳ ಮೇಲೆ ಸರ್ವಿಸ್ ರಸ್ತೆಯಲ್ಲೇ ಬಿಟ್ಟುಹೋಗುತ್ತಾರೆ. ಕಳಚಿದ ಚಾಸಿಗೆ ಕರೆಂಟ್ ಇಲ್ಲ, ಆದ್ದರಿಂದ ದೀಪವೂ ಇಲ್ಲ. ಗಾಲಿಗೆ ಕಲ್ಲು ಇಟ್ಟಿದ್ದರೆ ಪುಣ್ಯ. ಅಪಾಯಕರ ಜಾಗದಲ್ಲಿ ವಾಹನ ಬಿಟ್ಟುಹೋಗಬಾರದು ಎಂದು ಕಾಯ್ದೆಯ 122ನೇ ಕಲಮು ಹೇಳುತ್ತದೆ. ಕಾರು ತಪ್ಪು ಜಾಗದಲ್ಲಿ ನಿಂತರೆ ಎತ್ತಿಕೊಂಡು ಹೋಗುವ ಗಾಡಿ ನಮ್ಮ ನಗರದಲ್ಲಿದೆ. 40 ಅಡಿಯ ಚಾಸಿಯನ್ನು ಎತ್ತುವವರಿಲ್ಲ ಎಂಬ ಧೈರ್ಯ ಮಾಲೀಕರಿಗಿದೆ.

ಹುಬ್ಬಳ್ಳಿ-ಧಾರವಾಡ ಬೈಪಾಸಿನ ಮಾತು ಬಾರದೆ ಈ ಪತ್ರ ಮುಗಿಯುವುದಿಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ಅಕ್ಕಪಕ್ಕದ ಭಾಗಗಳು ಅಗಲವಾದ ಎಷ್ಟೋ ವರ್ಷಗಳ ನಂತರವೂ ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿಲೋಮೀಟರ್ ಎರಡೇ ಪಥದಲ್ಲಿ ಉಳಿದಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿಯ ಬಳಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೋಗೂ ಟಿಪ್ಪರಿಗೂ ಡಿಕ್ಕಿಯಾದ ಮೇಲೆ ಈ ರಸ್ತೆಯ ಬಗ್ಗೆ ಎಲ್ಲರೂ ಮಾತನಾಡಿದರು. ಆ ದುರಂತದಲ್ಲಿ ಕಂಟೇನರ್ ಟ್ರೇಲರ್ ಇರಲಿಲ್ಲ, ನಾನು ಅದನ್ನು ಇಲ್ಲಿಗೆ ಎಳೆದು ತರುತ್ತಿಲ್ಲ. ಹೇಳಬೇಕಾದದ್ದು ಬೇರೆ: ಆಗಿನಿಂದ ನಿಮ್ಮ ಗಮನವೆಲ್ಲ ರಸ್ತೆಯ ಅಗಲದ ಮೇಲಿದೆ. ಆರು ಪಥ ಬರಲಿ, ಬೇಕೇ ಬೇಕು. ಅಗಲವಾದ ರಸ್ತೆಯಲ್ಲಿ ಅದೇ ಬಿರುಕಿನ ಬೀಮು, ಅದೇ ತಿರುಗದ ಲಾಕು ಇನ್ನೂ ವೇಗವಾಗಿ ಓಡುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ತೂಕದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ಅದು ತಪಾಸಣೆಯ ಕಣ್ಣಿಗೆ ಬೀಳುವುದು ಕಡಿಮೆ. ಬ್ಯಾಡಗಿಯ ಮೆಣಸಿನಕಾಯಿ ತುಂಬಿದರೆ ಪೆಟ್ಟಿಗೆ ತುಂಬುತ್ತದೆ, ತೂಕ ಮಿತಿಯೊಳಗೇ ಉಳಿಯುತ್ತದೆ. ಇಳಕಲ್ಲಿನ ಕಡೆಯ ಗ್ರಾನೈಟ್ ಹಾಗಲ್ಲ. 20 ಅಡಿ ಪೆಟ್ಟಿಗೆಯ ಮೂರನೇ ಒಂದು ಭಾಗ ತುಂಬುವಷ್ಟರಲ್ಲೇ ತೂಕದ ಮಿತಿ ಮುಟ್ಟಿರುತ್ತದೆ. ಭಾರದ ಮಾಲಿಗೆ 20 ಅಡಿಯ ಪೆಟ್ಟಿಗೆ ಬಳಸುವುದು ಅದಕ್ಕೇ. ಈ ಪೆಟ್ಟಿಗೆಯನ್ನು 40 ಅಡಿ ಚಾಸಿಯ ನಡುವೆ ಇಡಬೇಕು. ಆದರೆ ನಡುವೆ ಇಟ್ಟರೆ ಕಾರ್ಖಾನೆಯ ಮಾಲು ತುಂಬುವ ಕಟ್ಟೆಗೆ ಬಾಗಿಲು ತಾಗುವುದಿಲ್ಲ, ಹತ್ತು ಅಡಿ ದೂರ ಉಳಿಯುತ್ತದೆ. ಹಾಗಾಗಿ ತೀರ ಹಿಂದಕ್ಕೆ ಇಡುತ್ತಾರೆ, ತುಂಬಿದ ಮೇಲೆ ಅದನ್ನು ಮುಂದಕ್ಕೆ ಸರಿಸಲು ಅಲ್ಲಿ ಕ್ರೇನ್ ಇರುವುದಿಲ್ಲ, ಹಾಗೆಯೇ ಹೊರಡುತ್ತಾರೆ. ಆಗ ಹೆಚ್ಚುಕಡಿಮೆ ಪೆಟ್ಟಿಗೆಯ ಪೂರ್ತಿ ಭಾರ ಹಿಂದಿನ ಮೂರು ಆಕ್ಸಲ್‌ಗಳ ಮೇಲೆ ಬೀಳುತ್ತದೆ. 2018ರಲ್ಲಿ ಮಿತಿಯನ್ನು ಏರಿಸಿದ ಮೇಲೂ ಮೂರು ಆಕ್ಸಲ್‌ಗೆ 27 ಟನ್ ಮಾತ್ರ ಅವಕಾಶ. ಇಡೀ ಗಾಡಿಯ ಮಿತಿ 55 ಟನ್ನಿನವರೆಗೆ ಇರುವುದರಿಂದ ವೇಬ್ರಿಜ್ (ಗಾಡಿ ತೂಗುವ ಕಟ್ಟೆ) ಚೀಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಒಟ್ಟು ಲೆಕ್ಕ ಸರಿ, ಕುಳಿತ ಜಾಗ ತಪ್ಪು.

ಇದರ ಫಲ ಗೊತ್ತಾಗುವುದು ಹುಬ್ಬಳ್ಳಿಯಲ್ಲಲ್ಲ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ. ಹಾರ್ಸ್‌ನ ಹಿಂದಿನ ಗಾಲಿಗಳ ಮೇಲೆ ಬೇಕಾದಷ್ಟು ಭಾರ ಇರುವುದಿಲ್ಲ, ಮಳೆಯಲ್ಲಿ ಬ್ರೇಕ್ ಒತ್ತಿದರೆ ಅವು ಜಾರುತ್ತವೆ, ಹಿಂದಿನಿಂದ ಟ್ರೇಲರ್ ತಳ್ಳುತ್ತದೆ, ಗಾಡಿ ನಡುವೆ ಮಡಚಿಕೊಂಡು ರಸ್ತೆಗೆ ಅಡ್ಡ ಬೀಳುತ್ತದೆ. ಅಲ್ಲಿಗೆ ಅದು ಉತ್ತರ ಕನ್ನಡ ಜಿಲ್ಲೆಯ ಲೆಕ್ಕ. ತುಂಬಿ ಕಳಿಸಿದ್ದು ನಾವು.

ಒಂದು ವಿಚಿತ್ರ ನೋಡಿ. ರಫ್ತಿನ ಕಂಟೇನರ್ ಹಡಗು ಹತ್ತಬೇಕಾದರೆ ಅದರ ಪರಿಶೀಲಿಸಿದ ಒಟ್ಟು ತೂಕವನ್ನು ಕಳಿಸುವವರು ಬರವಣಿಗೆಯಲ್ಲಿ ಕೊಡಲೇಬೇಕು. 2016ರ ಜುಲೈ 1ರಿಂದ ಇದು ಅಂತರರಾಷ್ಟ್ರೀಯ ನಿಯಮ. ಹಡಗಿನ ಸುರಕ್ಷತೆಗೆ ಬೇಕಾದ ಆ ಅಂಕಿ ರಸ್ತೆಯ ಮೇಲಿರುವ ಚಾಲಕನ ಕೈಯಲ್ಲಿ ಎಷ್ಟೋ ಬಾರಿ ಇರುವುದಿಲ್ಲ. ಅವನಿಗೆ ಸಿಗುವುದು ಸೀಲು ಹಾಕಿದ ಬಾಗಿಲು. ಒಳಗೆ ಏನಿದೆ, ಯಾವ ಪಕ್ಕಕ್ಕೆ ವಾಲಿದೆ, ಕಟ್ಟಿದ್ದಾರೋ ಇಲ್ಲವೋ ತೆರೆದು ನೋಡುವ ಹಕ್ಕೂ ಅವನಿಗಿಲ್ಲ. ತಿರುವಿನಲ್ಲಿ ಟ್ರೇಲರಿನ ಒಳಗಾಲಿಗಳು ನೆಲ ಬಿಟ್ಟದ್ದು ಎಂಜಿನ್ನಿನಲ್ಲಿ ಕುಳಿತವನಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದರೂ ಮೊಕದ್ದಮೆ ಅವನ ಮೇಲೆ. ಹೆಚ್ಚು ಭಾರ ಹೇರಿದರೆ ಕಾಯ್ದೆಯ 194ನೇ ಕಲಮಿನ ಪ್ರಕಾರ 20,000 ರೂಪಾಯಿ ದಂಡ, ಪ್ರತಿ ಹೆಚ್ಚುವರಿ ಟನ್ನಿಗೆ ಮತ್ತೆ 2,000. ಆ ಕಲಮು ಓಡಿಸಿದವರನ್ನು ಮಾತ್ರ ಹೆಸರಿಸುವುದಿಲ್ಲ, ಓಡಿಸಲು ಹಚ್ಚಿದವರನ್ನೂ ಬಿಟ್ಟವರನ್ನೂ ಸೇರಿಸುತ್ತದೆ. ಚಾಲಕ ಬೇರೆ, ಮಾಲೀಕ ಬೇರೆ ಆಗಿದ್ದರೆ ಮಾಲೀಕನಿಗೆ ತಿಳಿದೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು ಎಂದು 113ನೇ ಕಲಮು ಹೇಳುತ್ತದೆ. ಒಪ್ಪಿಗೆಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ 182ಎ ಕಲಮಿನಲ್ಲಿ ಜೈಲೂ ಇದೆ, ದಂಡವೂ ಇದೆ. ಇಷ್ಟೆಲ್ಲ ಇದ್ದೂ ರಸ್ತೆ ಬದಿಯಲ್ಲಿ ರಸೀದಿ ಹರಿಯುವುದು ಸಂಬಳದ ಹುಡುಗನ ಹೆಸರಿಗೆ.

ಮಾಲೀಕರ ಕಡೆಯ ಮಾತೂ ಇದೆ. ಒಂದೇ ಗಾಡಿ ಇಟ್ಟುಕೊಂಡು ಕಂತು ಕಟ್ಟುವವರಿಗೆ ಚಾಸಿಗೆ ಹಾಕುವ ಪ್ರತಿ ರೂಪಾಯಿಯೂ ಭಾರ. ಬಂದರಿನಲ್ಲಿ ಸರತಿಯಲ್ಲಿ ಕಾದ ದಿನಗಳಿಗೆ ಬಾಡಿಗೆ ಸಿಗುವುದಿಲ್ಲ. ಸರಿಯಾಗಿ ಇಟ್ಟುಕೊಂಡವರು ಹೆಚ್ಚು ಬಾಡಿಗೆ ಕೇಳಿದರೆ ಕಾರ್ಖಾನೆಯವರು ಅಗ್ಗದವರನ್ನು ಕರೆಯುತ್ತಾರೆ. ಪ್ರಾಮಾಣಿಕನೇ ನಷ್ಟ ಅನುಭವಿಸುವ ಈ ಪರಿಸ್ಥಿತಿಯನ್ನು ಬದಲಿಸಬಲ್ಲದ್ದು ಎಲ್ಲರಿಗೂ ಒಂದೇ ಥರ ನಡೆಯುವ ತಪಾಸಣೆ ಮಾತ್ರ. ಹಬ್ಬಕ್ಕೊಮ್ಮೆ ನಡೆಯುವ ರಸ್ತೆ ಸುರಕ್ಷತಾ ಸಪ್ತಾಹದಿಂದ ಇದು ಆಗುವುದಿಲ್ಲ. ಸಪ್ತಾಹದ ದಿನಗಳಲ್ಲಿ ಅಂಥ ಚಾಸಿಗಳು ಶೆಡ್ಡುಗಳಲ್ಲಿ ವಿಶ್ರಾಂತಿ ಪಡೆಯುತ್ತವೆ, ಅದು ನಮಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಸಮಿತಿಯನ್ನು ಕೇಳಿಕೊಳ್ಳುವುದೇನೆಂದರೆ, ಟ್ರೇಲರಿನ ಅರ್ಹತಾ ತಪಾಸಣೆಯನ್ನು ಹಾರ್ಸ್‌ನ ಜೊತೆಗೆ ಕಣ್ಣಾಡಿಸಿ ಮುಗಿಸುವುದು ನಿಲ್ಲಲಿ. ಪ್ರತಿ ಟ್ವಿಸ್ಟ್ ಲಾಕನ್ನು ಕೈಯಿಂದ ತಿರುಗಿಸಿ ನೋಡಲಿ, ಕಿಂಗ್ ಪಿನ್ನಿಗೆ ಗೇಜ್ ಹಿಡಿಯಲಿ, ಬೀಮಿನ ತಳವನ್ನು ಬಣ್ಣ ಬಳಿಯುವ ಮೊದಲು ನೋಡಲಿ. ಹೊಸ ಬಣ್ಣದ ಚಾಸಿ ಬಂದರೆ ಅನುಮಾನ ಹೆಚ್ಚಾಗಬೇಕೇ ಹೊರತು ಸಮಾಧಾನ ಆಗಬಾರದು. ಹೊಳೆಯುವ ಪಟ್ಟಿಯ ತಪಾಸಣೆ ಟಾರ್ಚ್ ಹಿಡಿದು ಕತ್ತಲಲ್ಲಿ ನಡೆಯಲಿ.

ಹೆದ್ದಾರಿಯಲ್ಲಿ ಗಾಡಿ ತಡೆಯುವ ಸಿಬ್ಬಂದಿಗೆ ನಾಲ್ಕು ಲಾಕು, ಹಿಂದಿನ ತಡೆ, ಪಕ್ಕದ ಪಟ್ಟಿ ಇಷ್ಟನ್ನು ಒಂದು ಸುತ್ತು ಹಾಕಿ ನೋಡಲು ಹೇಳಿಕೊಡಿ. ಎರಡು ನಿಮಿಷದ ಕೆಲಸ. ಲಾಕ್ ಹಾಕಿರದ ಗಾಡಿ ಸಿಕ್ಕರೆ ಲಾಕನ್ನು ಅಲ್ಲಿಯೇ ತಿರುಗಿಸಿ ಕಳಿಸಬಹುದು, ದಂಡಕ್ಕಿಂತ ಅದೇ ಮುಖ್ಯ.

ಎಲ್ಲಕ್ಕಿಂತ ಹೆಚ್ಚು ಪ್ರಯೋಜನ ಆಗುವುದು ಕಾರ್ಖಾನೆಯ ಗೇಟಿನಲ್ಲಿ. ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರು, ಮುಮ್ಮಿಗಟ್ಟಿ ಈ ಪ್ರದೇಶಗಳ ಉದ್ಯಮಿಗಳನ್ನು ಒಮ್ಮೆ ಕರೆಸಿ. ತುಂಬಿದ ಪೆಟ್ಟಿಗೆಯ ತೂಕದ ಚೀಟಿಯ ಒಂದು ಪ್ರತಿ ಚಾಲಕನ ಕೈಗೆ ಕೊಡದೆ, ನಾಲ್ಕು ಲಾಕ್ ಬಿದ್ದಿರುವುದನ್ನು ನೋಡದೆ ಗಾಡಿಯನ್ನು ಹೊರಬಿಡಬಾರದು ಎಂದು ಅವರಿಂದ ಒಪ್ಪಿಗೆ ಪಡೆಯಿರಿ. 20 ಅಡಿ ಪೆಟ್ಟಿಗೆಗೆ 20 ಅಡಿಯ ಚಾಸಿಯನ್ನೇ ಕರೆಸಿದರೆ ಹಿಂದಕ್ಕೆ ಇಡುವ ತಾಪತ್ರಯವೇ ಇಲ್ಲ. ಬಾಡಿಗೆಯಲ್ಲಿ ಸ್ವಲ್ಪ ಹೆಚ್ಚು ಬೀಳಬಹುದು, ಬೀಳಲಿ.

ಕಳಚಿದ ಚಾಸಿಗಳಿಗೆ ಜಾಗ ಕೊಡದೆ ಅವನ್ನು ರಸ್ತೆಯಿಂದ ತೆಗೆಸಲಾಗದು, ಇದು ನನಗೂ ಗೊತ್ತು. ಕೈಗಾರಿಕಾ ಪ್ರದೇಶದೊಳಗೆ ಬೇಲಿ ಹಾಕಿದ, ದೀಪವಿರುವ ಒಂದು ಬಯಲು ಗುರುತಿಸಿದರೆ ಸಾಕು, ಬಾಡಿಗೆ ಕೊಟ್ಟಾದರೂ ನಿಲ್ಲಿಸುತ್ತಾರೆ. ಅದಾದ ಮೇಲೂ ಸರ್ವಿಸ್ ರಸ್ತೆಯಲ್ಲಿ ಬಿಟ್ಟರೆ ಕ್ರೇನ್ ತರಿಸಿ ಎತ್ತಿಸಿ, ವೆಚ್ಚವನ್ನು ಮಾಲೀಕರಿಂದಲೇ ವಸೂಲಿ ಮಾಡಿ.

ಇನ್ನೊಂದು ಮಾತು ಪೊಲೀಸ್ ಇಲಾಖೆಗೆ. ಅಪಘಾತದ ಪಂಚನಾಮೆಯಲ್ಲಿ ಟ್ರೇಲರಿನ ನೋಂದಣಿ ಸಂಖ್ಯೆ, ಅದರ ಅರ್ಹತಾ ಪತ್ರದ ಅವಧಿ, ಲಾಕುಗಳ ಸ್ಥಿತಿ, ಹಿಂದಿನ ತಡೆ ಇತ್ತೇ ಇಲ್ಲವೇ ಎಂಬುದು ಪ್ರತ್ಯೇಕವಾಗಿ ದಾಖಲಾಗಲಿ. ಹಾರ್ಸ್‌ನ ಸಂಖ್ಯೆ ಮಾತ್ರ ಬರೆದುಕೊಂಡರೆ ಚಾಸಿಯ ದೋಷದಿಂದ ಎಷ್ಟು ಜೀವ ಹೋಯಿತು ಎಂದು ಈ ಸಮಿತಿಗೆ ಯಾವತ್ತೂ ತಿಳಿಯುವುದಿಲ್ಲ. ಇದೇ ಚಾಸಿಗಳು ಗದಗ, ಹಾವೇರಿ ದಾಟಿ ಓಡುವುದರಿಂದ ಆ ಎರಡು ಜಿಲ್ಲೆಗಳ ಸಮಿತಿಗಳಿಗೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ.

ಕಿಂಗ್ ಪಿನ್ ಗೇಜ್ ನನ್ನ ಬಳಿ ಇದೆ. ನಿಮ್ಮ ನಿರೀಕ್ಷಕರು ಯಾವ ದಿನ ಹೇಳಿದರೂ ಅದನ್ನು ತೆಗೆದುಕೊಂಡು ಬಂದು, ಚಾಸಿಯ ಕೆಳಗೆ ಎಲ್ಲೆಲ್ಲಿ ನೋಡಬೇಕು ಎಂದು ತೋರಿಸಲು ಸಿದ್ಧನಿದ್ದೇನೆ. ಶುಲ್ಕ ಬೇಡ, ಶಾಲು ಹಾರವೂ ಬೇಡ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಏನು ತೀರ್ಮಾನವಾಯಿತು ಎಂಬುದನ್ನು ಪತ್ರಿಕೆಗಳ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕೆಂದು ಕೋರುತ್ತೇನೆ. ಮಾಡಲಾಗದು ಎಂದು ತೀರ್ಮಾನಿಸಿದರೆ ಅದರ ಕಾರಣವನ್ನೂ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಟ್ರೇಲರ್ ದುರಸ್ತಿಗಾರ, ತಾರಿಹಾಳ, ಹುಬ್ಬಳ್ಳಿ